ಗೋದಾಮು ರಸ್ತೆಯ ಇನ್ನೂರ ಮೂವತ್ತೊಂದು

ಆಫೀಸಿನಲ್ಲಿ ಎಲ್ಲರೂ ಅವರನ್ನು ಎಣಿಕೆಯಕ್ಕ ಎಂದೇ ಕರೆಯುತ್ತಿದ್ದೆವು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು ನಿಜ, ಆದರೆ ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವರೇ ಒಂದು ಕ್ಷಣ ತಡೆದು ತಿರುಗುತ್ತಿದ್ದರು. ನಗರಸಭೆಯ ಸಂಚಾರ ವಿಭಾಗದಲ್ಲಿ ಅವರ ಕೆಲಸ ರಸ್ತೆ ಪಕ್ಕ ಕೂತು ವಾಹನ ಎಣಿಸುವುದು. ಅವರು ತಂದ ಹಾಳೆಗಳನ್ನು ಕಂಪ್ಯೂಟರಿಗೆ ಹತ್ತಿಸುವುದು ನನ್ನ ಕೆಲಸ. ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತಿದ್ದೆವು.

ಎಣಿಸುವುದೆಂದರೆ ಹೊರಗಿನವರಿಗೆ ತಮಾಷೆ. ಬೆಳಿಗ್ಗೆ ಆರಕ್ಕೆ ಮಡಿಸುವ ಕುರ್ಚಿ ಹಾಕಿಕೊಂಡು ಕೂತರೆ ಹತ್ತರವರೆಗೆ ಏಳುವಂತಿಲ್ಲ. ಮೊಣಕಾಲ ಮೇಲೆ ರಟ್ಟು, ಅದಕ್ಕೆ ಸಿಕ್ಕಿಸಿದ ಹಾಳೆ, ಕಾಲು ಗಂಟೆಗೊಂದು ಸಾಲು. ಬಸ್ಸಿಗೊಂದು ಮನೆ, ಲಾರಿಗೊಂದು ಮನೆ, ಕಾರಿಗೆ, ಬೈಕಿಗೆ ಒಂದೊಂದು. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಕೆಮ್ಮು ಬಂದರೂ ಕಣ್ಣು ಮುಚ್ಚದೆ ಕೆಮ್ಮಬೇಕು. ನಡುವೆ ಎಲ್ಲೂ ಹೋಗುವಂತಿಲ್ಲ ಎಂದು ಅಕ್ಕ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಿದ್ದರು. ಅವರ ಗಂಡ ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುವವರು, ಸದಾ ನಗೆಮಾತಿನ ಮನುಷ್ಯ. "ಇವಳನ್ನ ಸಿನಿಮಾಕ್ಕೆ ಕರ್ಕೊಂಡು ಹೋಗೋದು ದಂಡ. ಪರದೆ ಬಿಟ್ಟು ಖಾಲಿ ಕುರ್ಚಿ ಎಣಿಸ್ತಾ ಕೂತಿರ್ತಾಳೆ" ಎನ್ನುತ್ತಿದ್ದರು.

ಬೇರೆ ಎಣಿಕೆಯವರ ಹಾಳೆಗಳು ಬಂದಾಗ ನಮ್ಮ ಎಂಜಿನಿಯರ್ ಸಾಹೇಬರು ಒಮ್ಮೆ ಮೇಲಿಂದ ಕೆಳಗೆ ಕಣ್ಣಾಡಿಸುತ್ತಿದ್ದರು. ಅಕ್ಕನ ಹಾಳೆಯನ್ನು ನೋಡುತ್ತಲೇ ಇರಲಿಲ್ಲ. "ಅವರದು ಬಿಡಿ, ಅದು ಕಲ್ಲಿನ ಮೇಲೆ ಬರೆದ ಹಾಗೆ" ಎಂದು ನೇರ ನನ್ನ ಮೇಜಿಗೆ ತಳ್ಳುತ್ತಿದ್ದರು. ಈ ಮಾತು ಕೇಳಿದಾಗಲೆಲ್ಲ ಅಕ್ಕ ಸೆರಗಿನ ಅಂಚು ಸರಿಮಾಡಿಕೊಂಡು ಇನ್ನೆಲ್ಲೋ ನೋಡುತ್ತಿದ್ದರು. ಅವರಿಗೆ ಅದು ಎಷ್ಟು ಹಿತವಾಗಿತ್ತು ಎಂದು ನನಗೆ ಗೊತ್ತಿತ್ತು.

ಮೊದಮೊದಲು ನಮ್ಮ ಹಾಳೆಯಲ್ಲಿ ಸೈಕಲ್ಲಿಗೆ ಮನೆಯೇ ಇರಲಿಲ್ಲ. ತಳ್ಳುಗಾಡಿ, ಕುದುರೆಗಾಡಿಗಳ ಜೊತೆ ಅದೂ 'ಇತರೆ' ಎಂಬ ಮೂಲೆಯಲ್ಲಿ ಬೀಳುತ್ತಿತ್ತು. ಸೈಕಲ್ ತುಳಿಯುವವರೆಂದರೆ ಹಾಲಿನವರು, ಪೇಪರಿನವರು, ಬೈಕು ಕೊಳ್ಳಲಾಗದವರು ಎಂದು ಊರೇ ತಿಳಿದಿದ್ದ ಕಾಲ. ಅಕ್ಕ ಮಾತ್ರ ಹಾಳೆಯ ಅಂಚಿನಲ್ಲಿ ಪುಟ್ಟ ಗೆರೆಗಳಲ್ಲಿ ಸೈಕಲ್ಲುಗಳನ್ನು ಬೇರೆಯಾಗಿ ಗುರುತು ಹಾಕುತ್ತಿದ್ದರು. ಯಾಕಕ್ಕ ಈ ಉಸಾಬರಿ ಎಂದು ಕೇಳಿದ್ದಕ್ಕೆ, "ಮನುಷ್ಯರು ಕಣೋ, ಕಣ್ಣೆದುರಿಗೆ ಹೋಗ್ತಾರೆ. ಇತರೆ ಅಂತ ಹೇಗೆ ಬರೀಲಿ?" ಎಂದಿದ್ದರು. ಆ ಮಾತು ಅವರಿಗೆ ಆಮೇಲೆ ನೆನಪಿತ್ತೋ ಇಲ್ಲವೋ, ನನಗಂತೂ ಇತ್ತು.

ಊರು ಬದಲಾದದ್ದು ದೊಡ್ಡ ಸೇತುವೆಯಿಂದ. ಸೇತುವೆಯ ಎರಡು ಕಂಬಗಳಲ್ಲಿ ಬಿರುಕು ಬಿಟ್ಟು, ಹದಿನಾಲ್ಕು ತಿಂಗಳು ಅದರ ಮೇಲೆ ಮೋಟಾರು ವಾಹನ ಬಂದ್ ಮಾಡಿದರು. ನಡೆದು ಹೋಗುವವರಿಗೆ, ಸೈಕಲ್ಲಿನವರಿಗೆ ಮಾತ್ರ ಬಿಡುತ್ತಿದ್ದರು. ಬಸ್ಸಿನಲ್ಲಿ ಸುತ್ತಿ ಬಳಸಿ ಹೋದರೆ ಒಂದೂಕಾಲು ಗಂಟೆ, ಸೈಕಲ್ಲಿನಲ್ಲಿ ಸೇತುವೆ ದಾಟಿದರೆ ಹತ್ತು ನಿಮಿಷ. ಅಟ್ಟದ ಮೇಲೆ ತುಕ್ಕು ಹಿಡಿದು ಮಲಗಿದ್ದ ಸೈಕಲ್ಲುಗಳೆಲ್ಲ ಕೆಳಗಿಳಿದವು. ಮೇಷ್ಟ್ರುಗಳು, ನರ್ಸುಗಳು, ಬ್ಯಾಂಕಿನವರು, ಕೊನೆಗೆ ನಮ್ಮ ಸಾಹೇಬರೂ ಪ್ಯಾಂಟಿನ ಕಾಲಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ತುಳಿಯುತ್ತ ಬಂದರು. ಪಂಕ್ಚರ್ ಅಂಗಡಿಯವರಿಗೆ ಮಧ್ಯಾಹ್ನದೂಟಕ್ಕೂ ಏಳಲಾಗದಷ್ಟು ಕೆಲಸ. ಸೇತುವೆ ರಿಪೇರಿಯಾಗಿ ಮತ್ತೆ ತೆರೆದಾಗ ಇದೆಲ್ಲ ಮುಗಿಯಿತು ಎಂದುಕೊಂಡೆವು. ಮುಗಿಯಲಿಲ್ಲ. ಒಮ್ಮೆ ರುಚಿ ಹತ್ತಿದವರು ಬಿಡಲಿಲ್ಲ, ಅವರನ್ನು ನೋಡಿ ಉಳಿದವರು ಶುರುಮಾಡಿದರು. ಹಾಳೆಯ ಅಂಚು ಸಾಲದೆ ಅಕ್ಕ ಹಿಂಬದಿಗೆ ಗೆರೆ ಎಳೆಯತೊಡಗಿದ ಮೇಲೆ ಸಾಹೇಬರು ಸೈಕಲ್ಲಿಗೆಂದೇ ಒಂದು ಮನೆ ಹಾಕಿಸಿದರು. ಅಕ್ಕನ ಮುಖ ಆ ದಿನ ನೋಡಬೇಕಿತ್ತು, ಸ್ವಂತ ಮನೆ ಕಟ್ಟಿಸಿದವರ ಹಾಗಿತ್ತು.

ಮೂರು ವರ್ಷದಲ್ಲಿ ಎಣಿಕೆ ದುಪ್ಪಟ್ಟಾಯಿತು. ಸೈಕಲ್ಲಿನವರು ಲಾರಿಗಳ ನಡುವೆ ಸಿಕ್ಕಿ ಒದ್ದಾಡುವುದು ಪತ್ರಿಕೆಯಲ್ಲಿ ಬಂತು. ಸೈಕಲ್ಲಿಗೇ ಬೇರೆ ದಾರಿ ಮಾಡಿಕೊಡೋಣ, ಮೊದಲು ಒಂದೇ ರಸ್ತೆಯಲ್ಲಿ ಮಾಡಿ ನೋಡೋಣ ಎಂದು ನಗರಸಭೆ ಒಪ್ಪಿತು. ಯಾವ ರಸ್ತೆ? ಬೆಳಗಿನ ಆ ನಾಲ್ಕು ಗಂಟೆಗಳ ಅವಧಿಯಲ್ಲಿ ಮುನ್ನೂರಕ್ಕೆ ಮೇಲೆ ಸೈಕಲ್ ಓಡಾಡುವ ರಸ್ತೆ ಎಂದು ನಿಯಮ ಮಾಡಿದರು. ಕೊನೆಗೆ ಉಳಿದವು ಎರಡು: ಮರಗಳ ಸಾಲಿನ, ದೊಡ್ಡ ಮನೆ, ಅಂಗಡಿಗಳ ನದಿದಂಡೆ ರಸ್ತೆ, ಮತ್ತು ಊರ ಹೊರಗಿನ ಗೋದಾಮು ರಸ್ತೆ. ಚಳಿಗಾಲದ ಎಣಿಕೆಯ ಮೇಲೆ ತೀರ್ಮಾನ. ಗೋದಾಮು ರಸ್ತೆ ಅಕ್ಕನ ಪಾಲಿಗೆ ಬಂತು.

ಆ ದಿನ ಬೆಳಿಗ್ಗೆ ಊರ ಮೇಲೆ ದಟ್ಟ ಮಂಜು. ನಾಲ್ಕೂವರೆಗೆ ಅಲಾರಾಂ ಹೊಡೆಯಿತು. ಅಕ್ಕ ಕೈ ಚಾಚಿ ಅದರ ತಲೆ ಒತ್ತಿದರು.

"ಹೋಗಲ್ವಾ?" ಎಂದರು ಗಂಡ, ಕಂಬಳಿಯೊಳಗಿಂದಲೇ.

"ಇವತ್ತೊಂದಿನ ಹೋಗ್ದಿದ್ರೆ ಆಕಾಶ ಕಳಚಿ ಬೀಳಲ್ಲ" ಎಂದು ಅಕ್ಕ ಮಗ್ಗುಲಾದರು.

ಜ್ವರವಿರಲಿಲ್ಲ, ಗಂಡನಿಗಾಗಲಿ, ಶಾಲೆಗೆ ಹೋಗುವ ಮಗಳಿಗಾಗಲಿ ಏನೂ ಆಗಿರಲಿಲ್ಲ. ಅದನ್ನು ಅವರು ಆಮೇಲೆ ನನ್ನ ಹತ್ತಿರ ನೂರು ಸಲ ಹೇಳಿದ್ದಾರೆ. "ಕಾರಣ ಅಂತ ಒಂದಿದ್ದಿದ್ರೆ ಅದನ್ನಾದ್ರೂ ಹಿಡ್ಕೊಂಡು ನೇತಾಡ್ತಿದ್ದೆ. ಏನೂ ಇರ್ಲಿಲ್ಲ ಕಣೋ. ಬೆಚ್ಚಗಿತ್ತು, ಮಲಗಿದೆ." ಎಂಟು ಗಂಟೆಯವರೆಗೆ ಮಲಗಿದರು. ಎದ್ದು ಬಿಸಿನೀರಿನಲ್ಲಿ ನಿಧಾನವಾಗಿ ಮುಖ ತೊಳೆದು, ಗಂಡನ ಎದುರು ಕೂತು ಎರಡು ಲೋಟ ಚಹಾ ಕುಡಿದರು. ಹದಿನೆಂಟು ವರ್ಷದ ನೌಕರಿಯಲ್ಲಿ ಅಂಥ ಬೆಳಗು ಬಂದೇ ಇರಲಿಲ್ಲವಂತೆ. ಆ ಬೆಳಗು ತುಂಬಾ ಚೆನ್ನಾಗಿತ್ತು ಎನ್ನುವುದೇ ಆಮೇಲೆ ಅವರನ್ನು ಕೊರೆದದ್ದು.

ಒಂಬತ್ತೂವರೆಗೆ ಅಡುಗೆಮನೆಯ ಕಟ್ಟೆ ಮೇಲೆ ಹಾಳೆ ಹರಡಿಕೊಂಡು ಹಿಂದಿನ ವರ್ಷದ ಪ್ರತಿ ಪಕ್ಕಕ್ಕಿಟ್ಟುಕೊಂಡರು. ಹೋದ ವರ್ಷ ಆ ರಸ್ತೆಯಲ್ಲಿ ಸೈಕಲ್ ಇನ್ನೂರ ಹನ್ನೆರಡು. ವರ್ಷ ಕಳೆದಿದೆಯಲ್ಲ, ಸ್ವಲ್ಪ ಏರಿರುತ್ತದೆ ಎಂದು ಸಾಲಿಗೊಂದು, ಸಾಲಿಗೆರಡು ಗೆರೆ ಸೇರಿಸುತ್ತ ಹೋದರು. ಕೂಡಿದರೆ ಇನ್ನೂರ ಮೂವತ್ತೊಂದು ಬಂತು.

ಮಾರನೆಯ ದಿನ ಆ ಹಾಳೆ ನನ್ನ ಮೇಜಿಗೆ ಬಂತು. ಹಳೆಯ ಅಂಕಿಗಳು ಕಂಪ್ಯೂಟರಿನಲ್ಲಿ ಪಕ್ಕದ ಸಾಲಿನಲ್ಲೇ ಇದ್ದವು. ಹದಿನಾರು ಸಾಲಿಗೆ ಹದಿನಾರೂ ಹೋದ ವರ್ಷದ್ದಕ್ಕೆ ಒಂದೋ ಎರಡೋ ಹೆಚ್ಚು. ರಸ್ತೆ ಹಾಗೆ ನಡೆದುಕೊಳ್ಳುವುದಿಲ್ಲ. ಒಂದು ಸಾಲು ಏರಿದರೆ ಇನ್ನೊಂದು ಇಳಿಯುತ್ತದೆ. ನನ್ನ ಬೆರಳು ಅಲ್ಲಿ ನಿಂತದ್ದು ಸುಳ್ಳಲ್ಲ. ಅಕ್ಕ ಎದುರಿಗೇ ಕೂತು ಪೆನ್ಸಿಲ್ ಹೆರೆಯುತ್ತಿದ್ದರು. ಅವರನ್ನು ಏನೆಂದು ಕೇಳಲಿ? ಕಲ್ಲಿನ ಮೇಲೆ ಬರೆದ ಹಾಗೆ ಎಂದು ಸಾಹೇಬರೇ ಹೇಳುವವರನ್ನು? ಹತ್ತಿಸಿ ಮುಗಿಸಿದೆ.

ನದಿದಂಡೆ ರಸ್ತೆಯಲ್ಲಿ ಮುನ್ನೂರ ನಲವತ್ತನಾಲ್ಕು ಬಂದಿತ್ತು. ಸೈಕಲ್ ದಾರಿ ಅಲ್ಲಿಗೇ ಹೋಯಿತು. ರಸ್ತೆಗೆ ಹಸಿರು ಬಳಿದು, ಪಕ್ಕಕ್ಕೆ ಮೊಣಕಾಲೆತ್ತರದ ಕಟ್ಟೆ ಕಟ್ಟಿ ಬೇರೆ ಮಾಡಿದರು. ಚೆನ್ನಾಗಿತ್ತು. ಬೆಳಿಗ್ಗೆ ಜನ ಸಾಲುಗಟ್ಟಿ ಹೋಗುವುದನ್ನು ನೋಡಲು ಆಫೀಸಿನಿಂದ ನಾವೆಲ್ಲ ಹೋಗಿದ್ದೆವು. ಅಕ್ಕನೂ ಬಂದಿದ್ದರು, ಆದರೆ ಎಲ್ಲರಿಗಿಂತ ಮೊದಲೇ ಆಫೀಸಿಗೆ ವಾಪಸಾದರು.

ನಮಗೆ ಯಾರಿಗೂ ಗೊತ್ತಿರದ ಸಂಗತಿಯೊಂದಿತ್ತು. ಎಣಿಕೆಗೆ ಎರಡು ತಿಂಗಳು ಮುಂಚೆ ಗೋದಾಮು ರಸ್ತೆಯ ಕೊನೆಗೆ ಸಿದ್ಧ ಉಡುಪಿನ ಕಾರ್ಖಾನೆಯೊಂದು ಶುರುವಾಗಿತ್ತು. ಮೊದಲು ಕೆಲಸದ ಹೆಂಗಸರನ್ನು ವ್ಯಾನಿನಲ್ಲಿ ಕರೆತರುತ್ತಿದ್ದರು. ಆಮೇಲೆ ವ್ಯಾನು ನಿಲ್ಲಿಸಿದರು. ಆ ಕಡೆ ಬಸ್ಸಿಲ್ಲ. ಹೆಂಗಸರು ಸೈಕಲ್ ಹಿಡಿದರು. ತುಳಿಯಲು ಬಾರದವರಿಗೆ ಬರುವವರು ಕೆಲಸ ಬಿಟ್ಟ ಮೇಲೆ ಕಾರ್ಖಾನೆಯ ಅಂಗಳದಲ್ಲೇ ಸೀಟು ಹಿಡಿದುಕೊಂಡು ಓಡಿ ಕಲಿಸಿದರು. ಎಣಿಕೆಯ ವಾರದ ಹೊತ್ತಿಗೆ ಅವರ ದಂಡೇ ಆ ರಸ್ತೆಯಲ್ಲಿ ಹೋಗಿಬರುತ್ತಿತ್ತು.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ, ಗೋದಾಮಿನ ಗೇಟಿನಿಂದ ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಅವರಲ್ಲೊಬ್ಬಳ ಮೇಲೆ ಹಾಯಿತು. ಅಂಗಿಗೆ ಕಾಜಾ ಹೊಲಿಯುವ ಮಿಷನ್ನಿನವಳು, ಮೂವತ್ತೆರಡು ವಯಸ್ಸು. ಜೀವ ಉಳಿಯಿತು, ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಪೊಲೀಸರಿಂದ ನಮ್ಮ ಆಫೀಸಿಗೆ ಕಾಗದ ಬಂತು: ಆ ರಸ್ತೆಯ ಸಂಚಾರದ ವಿವರ ಕಳಿಸಿ. ನಾನು ಪ್ರಿಂಟ್ ತೆಗೆದೆ. ಸಾಹೇಬರು ಕೆಳಗೊಂದು ಟಿಪ್ಪಣಿ ಬರೆಸಿದರು: 'ಸದರಿ ರಸ್ತೆಯಲ್ಲಿ ಸೈಕಲ್ ಸಂಚಾರ ಕಡಿಮೆ ಇದ್ದು, ಪ್ರತ್ಯೇಕ ದಾರಿಯ ಅಗತ್ಯ ಕಂಡುಬಂದಿರುವುದಿಲ್ಲ.' ಎಣಿಸಿದವರ ಸಹಿ ಬೇಕಿತ್ತು. ಅಕ್ಕ ಕಾಗದವನ್ನು ಒಮ್ಮೆ ಓದಿದರು, ಎರಡನೆಯ ಸಲ ಓದಿದರು. "ಯಾರಿಗೆ ಏಟಾಗಿರೋದು?" ಎಂದರು. ಹೇಳಿದೆ. ಪೆನ್ನು ಹಿಡಿದ ಕೈ ಕಾಗದದ ಮೇಲೆ ಹಾಗೇ ಇತ್ತು, ಶಾಯಿ ಒಂದು ಕಡೆ ಚುಕ್ಕೆಯಾಗಿ ಹರಡಿತು. ಆಮೇಲೆ ಸಹಿ ಹಾಕಿದರು. ಹಾಕಿ, ಎದ್ದು ಹೋಗಿ, ಮಧ್ಯಾಹ್ನದವರೆಗೆ ಮೇಜಿಗೆ ಬರಲಿಲ್ಲ.

ಅದೇ ವಾರ ಆಸ್ಪತ್ರೆಗೆ ಹೋದರು. ನಗರಸಭೆಯಿಂದ ಬಂದಿದ್ದೀನಿ ಎಂದಷ್ಟೇ ಹೇಳಿದರಂತೆ. ಹಾಸಿಗೆಯ ಮೇಲಿದ್ದ ಹೆಂಗಸು ಹೊದಿಕೆಯ ತಗ್ಗಿದ ಭಾಗದ ಮೇಲೆ ಕೈಯಿಟ್ಟುಕೊಂಡು, "ಸರ್ಕಾರದ ಕಡೆಯಿಂದ ಇಷ್ಟಾದ್ರೂ ವಿಚಾರಿಸೋಕೆ ಬರ್ತಾರಲ್ಲ" ಎಂದಳಂತೆ. ಅಕ್ಕ ಅವಳನ್ನು ತಂಗಿ ಎಂದು ಕರೆಯತೊಡಗಿದರು. ನಾನೂ ಹಾಗೇ ಹೇಳುತ್ತೇನೆ.

ತಂಗಿಯ ಗಂಡ ದೂರದಲ್ಲಿ ಹಡಗು ಒಡೆಯುವ ಕೆಲಸಕ್ಕೆ ಹೋದವನು, ವರ್ಷಕ್ಕೊಮ್ಮೆ ಬರುವವನು. ಮನೆಯಲ್ಲಿ ಅವಳು, ಅವಳತ್ತೆ ಇಬ್ಬರೇ. ಎರಡು ಕೋಣೆಯ ಮನೆ, ಮೆಟ್ಟಿಲು ಹತ್ತಿ ಹೋಗಬೇಕಾದ್ದು. ಅಕ್ಕ ಪ್ರತಿ ಭಾನುವಾರ ಹೋಗತೊಡಗಿದರು. ತಂಗಿಯ ತಲೆ ಬಾಚಿದರು, ಬಟ್ಟೆ ಒಗೆದರು, ಕೃತಕ ಕಾಲಿನ ಅಳತೆಗೆ ನಾಲ್ಕು ಸಲ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕಾದು ಕೂತರು. ಅತ್ತೆಗೆ ಅಕ್ಕನೆಂದರೆ ಪ್ರಾಣ. "ಹೊಟ್ಟೇಲಿ ಹುಟ್ಟಿದವರೂ ಹೀಗೆ ಮಾಡಲ್ಲ ಕಣಮ್ಮ. ಯಾವ ಜನ್ಮದ ನಂಟೋ" ಎನ್ನುವರು. ಒಂದು ಸಲ ಹೀಗೆ ಹೇಳಿದಾಗ ಅಕ್ಕ ಬಾಯಲ್ಲಿದ್ದ ತುತ್ತನ್ನು ಬಚ್ಚಲಿಗೆ ಹೋಗಿ ಉಗುಳಿ ಬಂದರಂತೆ.

"ಅವರು ನನ್ನ ಬೈದ್ರೆ ಪರವಾಗಿಲ್ಲ. ಹೊಗಳ್ತಾರೆ" ಎಂದರು ನನ್ನ ಹತ್ತಿರ ಒಂದು ಸೋಮವಾರ. ಆಗಲೇ ಎಲ್ಲ ಹೇಳಿದ್ದು: ಮಂಜು, ಅಲಾರಾಂ, ಎರಡು ಲೋಟ ಚಹಾ. ಹೇಳಿ ನನ್ನನ್ನೇ ನೋಡುತ್ತ ಕೇಳಿದರು, "ನಿನಗೆ ಹಾಳೆ ನೋಡಿದಾಗ ಏನೂ ಅನ್ನಿಸ್ಲಿಲ್ವಾ?"

"ಇಲ್ಲಕ್ಕ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಅದೇ ವಾರ ಇದನ್ನೆಲ್ಲ ಹೇಳಲು ಅವರು ಸಾಹೇಬರ ಕೋಣೆಗೆ ಹೋದಾಗ ಬಾಗಿಲು ಅರ್ಧ ತೆರೆದೇ ಇತ್ತು. ಸಾಹೇಬರು ಕನ್ನಡಕ ತೆಗೆದು ಒರೆಸುತ್ತ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. "ಬಿಟ್ಹಾಕಿ ಅಕ್ಕ" ಎಂದರು. "ನೀವು ಆರುನೂರು ಅಂತ ಬರೆದಿದ್ರೂ ದಾರಿ ನದಿದಂಡೆಗೇ ಹೋಗ್ತಿತ್ತು. ದೊಡ್ಡವರ ಮನೆ ಎಲ್ಲಾ ಇರೋದು ಅಲ್ಲೇ. ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಿ?"

"ಹೋಗ್ತಿತ್ತೋ ಇಲ್ವೋ, ಅದು ಗೊತ್ತಿಲ್ಲವಲ್ಲ ಸಾರ್."

"ನನಗೆ ಗೊತ್ತು ಅಂತೀನಲ್ಲ."

"ನಾನು ಸರಿಯಾಗಿ ಬರೆದಿದ್ರೆ ತಾನೇ ಗೊತ್ತಾಗೋದು. ಬರೀಲಿಲ್ಲ. ಈಗ ಯಾರಿಗೂ ಗೊತ್ತಾಗಲ್ಲ."

ಸಾಹೇಬರು ಕನ್ನಡಕ ಹಾಕಿಕೊಂಡು ಮುಂದಿನ ಫೈಲು ತೆಗೆದರು.

ಆ ಭಾನುವಾರ ಅಕ್ಕ ತಂಗಿಗೇ ಹೇಳಿಬಿಟ್ಟರು. ಮಧ್ಯಾಹ್ನ. ತಂಗಿ ಕಿಟಕಿ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು; ಕಾರ್ಖಾನೆಯವರು ಮನೆಗೇ ಕಳಿಸುತ್ತಿದ್ದ ಕೆಲಸ. ಅತ್ತೆ ಒಳಗೆ ಚಹಾ ಕಾಯಿಸುತ್ತಿದ್ದರು. ಅಕ್ಕ ತಲೆ ತಗ್ಗಿಸಿಕೊಂಡು, ಒಂದು ಮಾತನ್ನೂ ಬಿಡದೆ, ನಿದ್ದೆ ಬೆಚ್ಚಗಿತ್ತು ಎನ್ನುವುದನ್ನೂ ಬಿಡದೆ ಹೇಳಿದರು. ತಂಗಿ ಕೈಯಲ್ಲಿದ್ದ ಗುಂಡಿಯನ್ನು ಹಚ್ಚಿ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದಳು.

"ಮಂಜು ಬಿದ್ದಿದ್ದ ದಿನ ಅಲ್ವಾ?"

"ಹೂಂ."

"ನನಗೆ ನೆನಪಿದೆ. ನಾನು ಸೈಕಲ್ ಕಲಿತು ನಾಲ್ಕನೇ ದಿನ ಅದು. ಎದುರಿಗೆ ಏನೂ ಕಾಣ್ತಿರ್ಲಿಲ್ಲ, ಎಲ್ಲಾರೂ ಬೆಲ್ ಹೊಡ್ಕೊಂಡೇ ಹೋದ್ವಿ." ಸೂಜಿಗೆ ಹೊಸ ದಾರ ಪೋಣಿಸಿದಳು. "ಮೂವತ್ತೊಂದು ವರ್ಷಕ್ಕೆ ಸೈಕಲ್ ಕಲಿತವಳು ನಾನು. ದಾರೀಲಿ ಯಾರಾದ್ರೂ ನೋಡ್ಲಿ ಅಂತ ಎಷ್ಟು ಆಸೆ ಇತ್ತು ಗೊತ್ತಾ. ನೋಡೋದೇ ಕೆಲಸ ಆಗಿದ್ದವರು ಒಬ್ಬರಿದ್ರು. ಅವರು ಬರ್ಲಿಲ್ಲ."

ಅಕ್ಕ ನೆಲಕ್ಕೆ ಬಿದ್ದಿದ್ದ ದಾರದ ತುಂಡನ್ನು ಹೆಕ್ಕಿಕೊಂಡರು.

"ಕಾಲು ಲಾರಿಯವನು ತೆಗೆದ. ಅದನ್ನ ನಿಮ್ಮ ತಲೆಗೆ ಕಟ್ಟಲ್ಲ. ಆದ್ರೆ ಐದು ತಿಂಗಳು ನನ್ನ ತಲೆ ಬಾಚಿದ್ರಲ್ಲ, ನನಗೋಸ್ಕರ ಅಂತ ತಿಳ್ಕೊಂಡಿದ್ದೆ. ನಿಮಗೋಸ್ಕರ ಬಾಚಿದ್ರಿ." ತಂಗಿ ಮುಂದಿನ ಅಂಗಿ ಎತ್ತಿಕೊಂಡಳು. "ಇನ್ನು ಮೇಲೆ ಬರ್ಬೇಡಿ. ಅತ್ತೆಗೆ ನಾನೇ ಏನಾದ್ರೂ ಹೇಳ್ಕೋತೀನಿ."

ಅತ್ತೆ ಚಹಾ ತಂದರು. ಕುಡಿಯದೆ ಏಳುವುದು ಹೇಗೆ? ಅಕ್ಕ ಅದನ್ನು ಸುಡುಸುಡುತ್ತಿರುವಾಗಲೇ ಕುಡಿದು, ಬಾಯಿ ಬೆಂದರೂ ಲೋಟ ಖಾಲಿ ಮಾಡಿ, ಮೆಟ್ಟಿಲಿಳಿದು ಬಂದರು.

ಮರುದಿನವೇ ಒಂದು ವಾರ ರಜೆ ಹಾಕಿದರು. ಐದು ಬೆಳಿಗ್ಗೆ ಗೋದಾಮು ರಸ್ತೆಯಲ್ಲಿ ಕೂತರು. ಮೊದಲನೆಯ ದಿನ ಆರುನೂರ ಹದಿನೆಂಟು. ಒಂದು ದಿನ ಆರುನೂರ ಅರವತ್ತನ್ನೂ ದಾಟಿತು. ಕಾರ್ಖಾನೆಯ ಹೆಂಗಸರು ಮೂರು ಮೂರು ಜನ ಪಕ್ಕಪಕ್ಕದಲ್ಲಿ ಹರಟುತ್ತ ಹೋಗುತ್ತಿದ್ದರಂತೆ, ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ಒಬ್ಬರ ಹಿಂದೊಬ್ಬರು ಚರಂಡಿಯ ಅಂಚಿಗೆ ಸರಿಯುತ್ತಿದ್ದರಂತೆ. ಅದನ್ನು ಬರೆಯಲು ಹಾಳೆಯಲ್ಲಿ ಮನೆ ಇರಲಿಲ್ಲ.

ಶನಿವಾರ ನನ್ನ ಮನೆಗೆ ಬಂದರು. ಆಯುಕ್ತರಿಗೊಂದು ಕಾಗದ ಟೈಪ್ ಮಾಡಿಕೊಡು ಎಂದರು. ಸಾಹೇಬರನ್ನು ದಾಟಿ ನೇರ ಆಯುಕ್ತರಿಗೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡಿದೆ: 'ಆ ದಿನ ನಾನು ಕೆಲಸಕ್ಕೆ ಹೋಗಿರಲಿಲ್ಲ. ನಾನು ಬರೆದ ಇನ್ನೂರ ಮೂವತ್ತೊಂದು ಎನ್ನುವುದು ಸುಳ್ಳು. ಇದು ಬೇರೆ ಯಾರಿಗೂ ಗೊತ್ತಿರಲಿಲ್ಲ.' ಕೊನೆಯ ವಾಕ್ಯಕ್ಕೆ ಬಂದಾಗ ನನ್ನ ಬೆರಳು ನಿಂತಿತು. ಅಕ್ಕ ನನ್ನ ಹೆಗಲ ಹಿಂದೆಯೇ ನಿಂತಿದ್ದರು. ಅವರಿಗೆ ಗೊತ್ತಾಗಿತ್ತು ಎಂದು ಇವತ್ತಿಗೂ ನನ್ನ ಮನಸ್ಸು ಹೇಳುತ್ತದೆ. ನನಗೆ ಆಗ ತಾನೇ ಬಡ್ತಿಯ ಮಾತು ನಡೆಯುತ್ತಿತ್ತು. ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಟ್ಟೆ. ಅಕ್ಕ ಮಡಿಸಿ ಚೀಲದಲ್ಲಿಟ್ಟುಕೊಂಡು, "ನಿನ್ನ ಉಪಕಾರ ಆಯ್ತು" ಎಂದರು. ಇದನ್ನು ಬರೆಯಲು ಕೂತದ್ದೂ ಆ ಮಾತಿನಿಂದಲೇ ಇರಬೇಕು.

ಆಮೇಲೆ ನಡೆದದ್ದು ಅಕ್ಕ ಅಂದುಕೊಂಡಂತಿರಲಿಲ್ಲ. ಮೂರು ತಿಂಗಳು ಅಮಾನತು ಮಾಡಿದರು, ಅದಕ್ಕೆ ಅವರು ತಯಾರಾಗಿದ್ದರು. ಆದರೆ ಕಾಗದ ಹೇಗೋ ಹೊರಗೆ ಬಿತ್ತು. ನದಿದಂಡೆಯ ಅಂಗಡಿಯವರಿಗೆ ಸೈಕಲ್ ದಾರಿಯಿಂದ ಕಾರು ನಿಲ್ಲಿಸಲು ಜಾಗವಿಲ್ಲವೆಂದು ಮೊದಲೇ ಸಿಟ್ಟಿತ್ತು. "ನೋಡಿ, ಎಣಿಸಿದವರೇ ಸುಳ್ಳು ಅಂತ ಬರೆದುಕೊಟ್ಟಿದ್ದಾರೆ. ಸೈಕಲ್ ಜಾಸ್ತಿಯಾಗಿದೆ ಅನ್ನೋದೆಲ್ಲ ಕಟ್ಟುಕತೆ" ಎಂದು ಅವರು ಊರೆಲ್ಲ ಸಾರಿದರು. ಅಕ್ಕ ಹದಿನೆಂಟು ವರ್ಷ ಚಳಿಯಲ್ಲಿ ಕೂತು ಎಳೆದ ಒಂದೊಂದು ಗೆರೆಯೂ ಅನುಮಾನಕ್ಕೆ ಬಿತ್ತು. ಇನ್ನೆರಡು ರಸ್ತೆಗೆ ಬರಬೇಕಿದ್ದ ಸೈಕಲ್ ದಾರಿ ನಿಂತಿತು. ಇದ್ದ ದಾರಿಯನ್ನೂ ಕಿತ್ತುಹಾಕಿ ಎಂದು ಅರ್ಜಿ ಬಂತು.

ಆ ದಿನಗಳಲ್ಲಿ ಅಕ್ಕನ ಮನೆಗೆ ಹೋದರೆ ಗಂಡ ಬಾಗಿಲಿಗೇ ಬಂದು, "ಊಟ ಮಾಡ್ತಿಲ್ಲಪ್ಪ" ಎನ್ನುತ್ತಿದ್ದರು. ನಗೆಮಾತು ಅವರ ಬಾಯಿಂದ ಎಲ್ಲೋ ಹೋಗಿತ್ತು. ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಹೇಳಿದರು: "ಸುಳ್ಳು ಬರೆದು ಒಬ್ಬಳ ಕಾಲು ಕಳೆದೆ. ನಿಜ ಬರೆದು ಊರಿನವರದೆಲ್ಲ ಕಳೀತಿದ್ದೀನಿ. ನಾನು ಕೈ ಹಾಕಿದ್ದೆಲ್ಲ ಹೀಗೇ."

ಆಯುಕ್ತರು ಸಾರ್ವಜನಿಕರ ಸಭೆ ಕರೆದರು. ನಗರಸಭೆಯ ಮೂರನೆಯ ಮಹಡಿಯ ಸಭಾಂಗಣ, ಉದ್ದ ಮೇಜು, ಹಿಂದೆ ಕುರ್ಚಿಗಳ ಸಾಲು. ಅಕ್ಕನನ್ನು ಹೇಳಿಕೆಗೆ ಕರೆಸಿದ್ದರು. ಅಂಗಡಿಯವರ ಸಂಘದ ಮುಖಂಡ ಎದ್ದು ಅವರನ್ನೇ ಕೇಳಿದ: "ನೀವು ಬರೆದದ್ದು ಸುಳ್ಳು ಹೌದೋ ಅಲ್ವೋ?"

"ಹೌದು" ಎಂದರು ಅಕ್ಕ.

"ಅಷ್ಟು ಸಾಕು ಸಾರ್" ಎಂದು ಅವನು ಕೂತ.

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ತಂಗಿ ಎದ್ದು ನಿಂತಿದ್ದಳು. ಹೊಸ ಕಾಲು, ಒಂದು ಊರುಗೋಲು, ಜೊತೆಗೆ ಕಾರ್ಖಾನೆಯ ಹತ್ತು ಹನ್ನೆರಡು ಹೆಂಗಸರು. ಕೈಯಲ್ಲಿ ಮೂಲೆ ಸುಕ್ಕಾದ ಒಂದು ನೋಟುಪುಸ್ತಕ.

"ಇದು ನಮ್ಮ ಕಾರ್ಖಾನೆ ಸೈಕಲ್ ಸ್ಟ್ಯಾಂಡಿಂದು" ಎಂದಳು. "ಸೈಕಲ್ ಬಿಟ್ಟವರಿಗೆ ಚೀಟಿ ಕೊಟ್ಟು ಇದರಲ್ಲಿ ಗುರುತು ಹಾಕ್ತಾರೆ. ಆ ಮಂಜಿನ ದಿನ ನೂರ ಎಪ್ಪತ್ತನಾಲ್ಕು ಚೀಟಿ ಕೊಟ್ಟಿದ್ದಾರೆ. ನಮ್ಮದೊಂದೇ ಕಾರ್ಖಾನೆದು. ಈಯಮ್ಮ ಬರೆದದ್ದು ಸುಳ್ಳೇ. ಹೆಚ್ಚು ಬರೆದ ಸುಳ್ಳಲ್ಲ ಸಾರ್, ಕಡಿಮೆ ಬರೆದ ಸುಳ್ಳು. ನಮ್ಮನ್ನ ಇಲ್ಲ ಅಂತ ಬರೆದದ್ದು. ಈಗ ಇವರು ಅದನ್ನೇ ಹಿಡ್ಕೊಂಡು ಇನ್ನೊಂದು ಸಲ ನಮ್ಮನ್ನ ಇಲ್ಲ ಅಂತಿದ್ದಾರೆ."

ಆಯುಕ್ತರು ಪುಸ್ತಕ ತರಿಸಿಕೊಂಡು ಪುಟ ತಿರುವಿದರು. ಆಮೇಲೆ ಅಕ್ಕ ಒಬ್ಬರೇ ಕೂತು ಮಾಡಿದ ಐದು ದಿನದ ಎಣಿಕೆಯನ್ನೂ ತರಿಸಿ ನೋಡಿದರು. ಬೇರೆ ಇಲಾಖೆಯವರಿಂದ ಎಲ್ಲ ರಸ್ತೆಗಳಲ್ಲೂ ಮತ್ತೆ ಎಣಿಕೆ ಮಾಡಿಸಲು ಹೇಳಿ ಸಭೆ ಮುಗಿಸಿದರು.

ಮೆಟ್ಟಿಲಲ್ಲಿ ಜನ ಇಳಿಯುತ್ತಿದ್ದರು. ತಂಗಿ ಒಂದೊಂದೇ ಮೆಟ್ಟಿಲಿಗೆ ಮೊದಲು ಊರುಗೋಲು, ಆಮೇಲೆ ಹೊಸ ಕಾಲು ಇಟ್ಟು ಇಳಿಯುತ್ತಿದ್ದಳು. ಅಕ್ಕ ತಡೆಯಲಾರದೆ ಹತ್ತಿರ ಹೋಗಿ ಕೈ ಚಾಚಿದರು.

"ಬೇಡ" ಎಂದಳು ತಂಗಿ. "ಕಂಬಿ ಇದೆ."

ಕೋಪದಿಂದ ಹೇಳಲಿಲ್ಲ. ಕಂಬಿ ಹಿಡಿದುಕೊಂಡು ಇಳಿದು ಹೋದಳು. ಅಕ್ಕ ಎಲ್ಲರೂ ಇಳಿಯುವವರೆಗೆ ಗೋಡೆಗೆ ಸರಿದು ನಿಂತಿದ್ದರು. ನಾನು ಅವರಿಗಿಂತ ನಾಲ್ಕು ಮೆಟ್ಟಿಲು ಮೇಲೆ ನಿಂತಿದ್ದೆ.

ಮರು ಎಣಿಕೆಯಲ್ಲಿ ಗೋದಾಮು ರಸ್ತೆಗೆ ಏಳುನೂರಕ್ಕೂ ಹೆಚ್ಚು ಬಂತು. ಬೇರೆ ರಸ್ತೆಗಳಲ್ಲಿ ಅಕ್ಕನ ಹಳೆಯ ಅಂಕಿಗಳಿಗೂ ಹೊಸದಕ್ಕೂ ತಾಳೆಯಾಯಿತು. ಅದನ್ನು ಯಾರೂ ಎದ್ದು ನಿಂತು ಹೇಳಲಿಲ್ಲ, ಕಡತದಲ್ಲಿ ಒಂದು ಸಾಲಾಗಿ ಉಳಿಯಿತು. ಒಂದೂವರೆ ವರ್ಷಕ್ಕೆ ಗೋದಾಮು ರಸ್ತೆಯಲ್ಲೂ ಸೈಕಲ್ ದಾರಿ ಬಂತು, ಲಾರಿ ಹತ್ತಲಾರದಷ್ಟು ಎತ್ತರದ ಕಟ್ಟೆ ಸಮೇತ. ತಂಗಿ ಕಾರ್ಖಾನೆಗೆ ಮರಳಿದ್ದಾಳೆ, ಹೊಲಿದು ಬಂದ ಅಂಗಿಗಳನ್ನು ಪರೀಕ್ಷಿಸುವ ಮೇಜಿನಲ್ಲಿ. ಕಾರ್ಖಾನೆಯವರು ಅವಳಿಗೊಬ್ಬಳಿಗೆ ಗಾಡಿ ಕಳಿಸುತ್ತಾರೆ. ಸೈಕಲ್ ಮತ್ತೆ ಮುಟ್ಟಲಿಲ್ಲ ಎಂದು ಕೇಳಿದ್ದೇನೆ.

ಅಕ್ಕನನ್ನು ದಾಖಲೆ ಕೋಣೆಗೆ ಹಾಕಿದರು. ನೆಲಮಾಳಿಗೆ, ಒಂದು ಟ್ಯೂಬ್‌ಲೈಟು, ಕಬ್ಬಿಣದ ಕಪಾಟುಗಳು. ನನಗೆ ಬಡ್ತಿ ಸಿಕ್ಕಿತು. ವಾರಕ್ಕೊಮ್ಮೆ ಯಾವುದಾದರೂ ಕಡತದ ನೆಪ ಮಾಡಿಕೊಂಡು ಕೆಳಗಿಳಿಯುತ್ತೇನೆ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಹೋಗಿ, ಕಡತ ಹಿಡಿದು ವಾಪಸ್ ಬರುತ್ತೇನೆ.

ಹೋದ ವಾರ ಹೋದಾಗ ಅಕ್ಕ ಹಳೆಯ ನಕ್ಷೆಗಳಿಗೆ ದಾರ ಕಟ್ಟುತ್ತಿದ್ದರು. ಅವರ ಮಗಳು ಈ ವರ್ಷ ಕಾಲೇಜಿಗೆ ಸೇರಿದ್ದಾಳೆ. ಕಾಲೇಜು ಗೋದಾಮು ರಸ್ತೆಯ ಆಚೆ. ಸೈಕಲ್ಲೇ ಬೇಕು ಎಂದು ಹಟ ಹಿಡಿದಳಂತೆ, ಅಪ್ಪ ತಂದುಕೊಟ್ಟರಂತೆ.

"ಹೇಗಿದೆಯಂತೆ?" ಎಂದೆ.

"ತುಂಬಾ ಆರಾಮ ಅಂತಾಳೆ. ಲಾರಿ ಪಕ್ಕದಲ್ಲೇ ಹೋದ್ರೂ ಹೆದರಿಕೆ ಆಗಲ್ಲ, ಕಟ್ಟೆ ಇದೆ ಅಂತಾಳೆ." ಅಕ್ಕ ದಾರದ ಗಂಟು ಬಿಗಿದರು. "ದಿನಾ ಬೆಳಿಗ್ಗೆ ಅವಳು ಹೊರಟಾಗ ಬಾಗಿಲಿಗೆ ಹೋಗಿ ನಿಲ್ತೀನಿ. ನನ್ನ ಮಗಳಿಗೆ ಆ ದಾರಿ ಯಾರ ಕಾಲಿಂದ ಬಂತು ಅಂತ ಅವಳಿಗೆ ಹೇಳ್ಬೇಕು ಕಣೋ. ಬಾಯಿ ಬರಲ್ಲ. ಹುಷಾರು ಅಂತಷ್ಟೇ ಅಂತೀನಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಅಕ್ಕ ಮುಂದಿನ ನಕ್ಷೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡ್ಕೊ, ಸುತ್ತೋಣ" ಎಂದರು.